ಮಧ್ಯಸ್ಥನ ಪ್ರಶ್ನೆ

ಹೊವರ್ಡ್ ಕೆ. ಸ್ಮಿತ್ ಎಂಬ ಅಮೆರಿಕದ ಪತ್ರಕರ್ತರ ಹೆಸರು ನಮ್ಮ ವಾಚಕರಲ್ಲಿ ಬಹುಮಂದಿಗೆ ಪರಿಚಯವಿರಲಾರದು. 1914ರಲ್ಲಿ ಜನಿಸಿ 2002ರಲ್ಲಿ ನಿಧನರಾದ ಇವರು ದೂರದರ್ಶನದಲ್ಲಿ ನಡೆದ ರಾಜಕೀಯ ವಾದಗಳ ಚರಿತ್ರೆಯಲ್ಲಿ ಎರಡು ಮುಖ್ಯ ಪ್ರಸಂಗಗಳಲ್ಲಿ ಮಧ್ಯಸ್ಥರ ಸ್ಥಾನದಲ್ಲಿ ಕಾಣಿಸಿಕೊಳ್ಳುತ್ತಾರೆ. ಮೊದಲನೆಯದು 1960ರ ಸೆಪ್ಟೆಂಬರ್ 26ರ ರಾತ್ರಿ, ಅಧ್ಯಕ್ಷ ಪದವಿಯ ಅಭ್ಯರ್ಥಿಗಳಾದ ಜಾನ್ ಕೆನಡಿ ಮತ್ತು ರಿಚರ್ಡ್ ನಿಕ್ಸನ್ ಮುಖಾಮುಖಿಯಾದಾಗ. ಎರಡನೆಯದು 1968ರ ಆಗಸ್ಟ್ 28ರ ರಾತ್ರಿ, ವಿಲಿಯಂ ಬಕ್ಲಿ ಮತ್ತು ಗೋರ್ ವಿಡಾಲ್ ಎಂಬ ಇಬ್ಬರು ಸುಶಿಕ್ಷಿತ ಲೇಖಕರು ದೇಶವೇ ನೋಡುತ್ತಿರುವಂತೆ ಬೈಗುಳಕ್ಕೆ ಇಳಿದಾಗ. ಎರಡೂ ನಡೆದದ್ದು ಶಿಕಾಗೊ ನಗರದಲ್ಲಿ. ಊರು ಅದೇ, ಮಧ್ಯಸ್ಥರು ಅವರೇ, ನಡುವೆ ಕಳೆದದ್ದು ಎಂಟೇ ವರ್ಷ. ಮೊದಲನೆಯ ಪ್ರಸಂಗವನ್ನು ಪ್ರಜಾಪ್ರಭುತ್ವದ ಆದರ್ಶವೆಂದು ಪಾಠಪುಸ್ತಕಗಳು ನೆನೆಯುತ್ತವೆ. ಎರಡನೆಯದನ್ನು ನೆನೆಯುವವರು ತಲೆ ತಗ್ಗಿಸಿ ನೆನೆಯುತ್ತಾರೆ.

ಈ ವ್ಯತ್ಯಾಸಕ್ಕೆ ಕಾರಣವೇನು? ವಾದಿಗಳ ಗುಣದೋಷಗಳನ್ನು ಕುರಿತು ಬರೆದವರು ಬಹಳ. ಅವರ ಮುಖದ ಬೆವರು, ಉಡುಪಿನ ಬಣ್ಣ, ಮಾತಿನ ಮೊನಚು ಎಲ್ಲವೂ ಪುಸ್ತಕಗಳಾಗಿವೆ. ನಡುವೆ ಕುಳಿತವನನ್ನು ಕುರಿತು ಬರೆದವರು ಕಡಿಮೆ. ಅಂಗಡಿಯಲ್ಲಿ ನಾಲ್ಕು ದಶಕ ಕುಳಿತ ನನಗೆ ಸರಕಿಗಿಂತ ಮೊದಲು ತಕ್ಕಡಿಯ ಮೇಲೆ ಕಣ್ಣು ಹೋಗುವುದು ಅಭ್ಯಾಸ. ಆದುದರಿಂದ ಪ್ರಶ್ನೆ ಯಾರದು, ಹೊತ್ತು ಅಳೆಯುವವರು ಯಾರು, ಜಗಳವಾದರೆ ಲಾಭ ಯಾರಿಗೆ ಎಂಬ ಮೂರು ವಿಚಾರಗಳ ಕಡೆಯಿಂದ ಈ ಚರಿತ್ರೆಯನ್ನು ನೋಡಲು ಯತ್ನಿಸಿದ್ದೇನೆ.

ಅಮೆರಿಕದವರು ತಮ್ಮ ಚುನಾವಣಾ ವಾದಗಳ ಪರಂಪರೆಯನ್ನು 1858ರ ಲಿಂಕನ್ ಮತ್ತು ಡಗ್ಲಸ್ ಅವರಿಂದ ಎಣಿಸುವುದು ವಾಡಿಕೆ. ಇಲಿನಾಯ್ ರಾಜ್ಯದ ಏಳು ಊರುಗಳಲ್ಲಿ, ಗುಲಾಮಗಿರಿಯ ವಿಸ್ತರಣೆಯನ್ನು ಮುಖ್ಯ ವಿಷಯವಾಗಿಟ್ಟುಕೊಂಡು, ಅವರಿಬ್ಬರೂ ಬಯಲಿನಲ್ಲಿ ನಿಂತು ಮಾತನಾಡಿದರು. ಮೊದಲಿಗನಿಗೆ 60 ನಿಮಿಷ, ಎದುರಾಳಿಗೆ 90 ನಿಮಿಷ, ಮತ್ತೆ ಮೊದಲಿಗನ ಮರುತ್ತರಕ್ಕೆ 30 ನಿಮಿಷ. ಒಟ್ಟು ಮೂರು ಗಂಟೆ. ಪ್ರಶ್ನೆ ಕೇಳುವ ಮಧ್ಯಸ್ಥ ಎಂಬುವನು ಅಲ್ಲಿ ಇರಲೇ ಇಲ್ಲ. ಪ್ರಶ್ನೆ ಬೇಕೆನಿಸಿದಾಗ ವಾದಿಗಳೇ ಪರಸ್ಪರ ಕೇಳಿಕೊಂಡರು. ಅಂದಿನ ಮಾತೆಲ್ಲವೂ ಶುದ್ಧವಾಗಿತ್ತೆಂದು ಭಾವಿಸಬೇಕಾಗಿಲ್ಲ. ಕಟಕಿ, ಕುಹಕ, ಇಂದು ಓದಲು ನಾಚಿಕೆಯಾಗುವ ಜನಾಂಗದ್ವೇಷದ ನುಡಿಗಳು, ಎಲ್ಲವೂ ಇದ್ದವು. ಆದರೆ ಆಡಿದ ಮಾತಿಗೆ ಆಡಿದವನೇ ಹೊಣೆ. ಬೇರೆಯವರು ತಂದು ಬಾಯಿಗಿಟ್ಟ ಪದ ಅಲ್ಲಿರಲಿಲ್ಲ.

ದೂರದರ್ಶನ ಬಂದಾಗ ಮೊದಲು ಅಡ್ಡ ನಿಂತದ್ದು ಕಾನೂನು. 1934ರ ಸಂಪರ್ಕ ಅಧಿನಿಯಮದ 315ನೇ ಪರಿಚ್ಛೇದದ ಪ್ರಕಾರ ಪ್ರಸಾರ ಸಂಸ್ಥೆಯು ಒಬ್ಬ ಅಭ್ಯರ್ಥಿಗೆ ಅವಕಾಶ ಕೊಟ್ಟರೆ ಅದೇ ಪದವಿಗೆ ನಿಂತ ಉಳಿದೆಲ್ಲರಿಗೂ ಸಮಾನ ಅವಕಾಶ ಕೊಡತಕ್ಕದ್ದು. ನೋಟಕ್ಕೆ ಇದು ಪರಮ ನ್ಯಾಯ. ಆಚರಣೆಯಲ್ಲಿ ಇದರ ಫಲ ತಿರುಗುಮುರುಗಾಯಿತು. ಹೆಸರಿಲ್ಲದ ಸಣ್ಣ ಪಕ್ಷಗಳ ಅಭ್ಯರ್ಥಿಗಳಿಗೆಲ್ಲ ಹೊತ್ತು ಹಂಚಬೇಕಾದೀತೆಂದು ಹೆದರಿ ಸಂಸ್ಥೆಗಳು ಯಾರನ್ನೂ ಕರೆಯದಾದವು. 1960ರ ಆಗಸ್ಟ್‌ನಲ್ಲಿ ಅಮೆರಿಕದ ಸಂಸತ್ತು ಆ ವರ್ಷದ ಅಧ್ಯಕ್ಷ ಮತ್ತು ಉಪಾಧ್ಯಕ್ಷ ಚುನಾವಣೆಗೆ ಮಾತ್ರ ಈ ನಿಯಮವನ್ನು ಅಮಾನತಿನಲ್ಲಿಟ್ಟಿತು. ಕೆನಡಿ ಮತ್ತು ನಿಕ್ಸನ್ ಅವರ ನಾಲ್ಕು ಚರ್ಚೆಗಳಿಗೆ ದಾರಿಯಾದದ್ದು ಹೀಗೆ.

ಮೊದಲ ಚರ್ಚೆ ಶಿಕಾಗೊದ ಸಿ.ಬಿ.ಎಸ್. ಸ್ಟುಡಿಯೊದಲ್ಲಿ ನಡೆಯಿತು, ನೋಡಿದವರು ಸುಮಾರು 7 ಕೋಟಿ ಜನ. ಒಂದು ಗಂಟೆಯ ಕಾರ್ಯಕ್ರಮದಲ್ಲಿ ಜಾಹೀರಾತಿಲ್ಲ. ಒಬ್ಬೊಬ್ಬರಿಗೂ ಆರಂಭದಲ್ಲಿ 8 ನಿಮಿಷ, ಬಳಿಕ ನಾಲ್ವರು ಪತ್ರಕರ್ತರ ಪ್ರಶ್ನೆಗಳು, ಕೊನೆಯಲ್ಲಿ ಸಮಾರೋಪಕ್ಕೆ 3 ನಿಮಿಷ. ಸ್ಮಿತ್ ಅವರು ಇಬ್ಬರ ನಡುವಿನ ಮೇಜಿನ ಹಿಂದೆ ಕುಳಿತು ನಿಯಮಗಳನ್ನು ಹೇಳಿದರು, ಸರದಿಯನ್ನು ಸೂಚಿಸಿದರು, ಅಷ್ಟೆ. ಮಂಡಿಯ ಸೋಂಕಿನಿಂದ ಆಸ್ಪತ್ರೆಯಲ್ಲಿ ಮಲಗಿ ಎದ್ದು ಬಂದಿದ್ದ ನಿಕ್ಸನ್ ಅವರ ಮುಖ ಬಾಡಿತ್ತು, ಕೆನಡಿಯವರದು ಬೆಳಗುತ್ತಿತ್ತು ಎಂಬ ಕಥೆ ಎಲ್ಲರಿಗೂ ಗೊತ್ತು. ರೇಡಿಯೋ ಕೇಳಿದವರು ನಿಕ್ಸನ್ ಗೆದ್ದರೆಂದೂ ದೂರದರ್ಶನ ನೋಡಿದವರು ಕೆನಡಿ ಗೆದ್ದರೆಂದೂ ಹೇಳುವ ಮಾತಿಗೆ ಆಧಾರ ಬಹಳ ತೆಳುವೆಂದು ಸಂಶೋಧಕರು ತೋರಿಸಿರುವುದರಿಂದ ಅದನ್ನು ಇಲ್ಲಿಗೆ ಬಿಡೋಣ.

ಆ ರಾತ್ರಿ ಹೆಚ್ಚು ಗಮನಿಸಬೇಕಾದದ್ದು ಒಂದು ಪ್ರಶ್ನೆ. ನಿಕ್ಸನ್ ಅವರ ಯಾವ ಮಹತ್ವದ ಸಲಹೆಯನ್ನು ತಾವು ಸ್ವೀಕರಿಸಿದ್ದೀರಿ ಎಂದು ಕೇಳಿದಾಗ, ಒಂದು ವಾರ ಕೊಟ್ಟರೆ ನೆನಪಾದೀತೇನೋ ಎಂಬರ್ಥದ ಮಾತನ್ನು ಅಧ್ಯಕ್ಷ ಐಸೆನ್‌ಹೋವರ್ ಅವರು ಆಗಸ್ಟ್‌ನಲ್ಲಿ ಪತ್ರಕರ್ತರೆದುರು ಆಡಿದ್ದರು. ಎನ್.ಬಿ.ಸಿ.ಯ ಸ್ಯಾಂಡರ್ ವನೋಕರ್ ಆ ಮಾತನ್ನೇ ಎತ್ತಿ ನಿಕ್ಸನ್ ಅವರನ್ನು ವಿಚಾರಿಸಿದರು. ನಿಕ್ಸನ್ ಅವರ ಉತ್ತರ ಏನೆಂಬುದನ್ನು ಇಂದು ಯಾರೂ ನೆನೆಯುವುದಿಲ್ಲ. ಪ್ರಶ್ನೆ ಮಾತ್ರ ಉಳಿದಿದೆ. ಉತ್ತರವನ್ನು ಬಯಸುವ ಪ್ರಶ್ನೆ ಬೇರೆ, ಕೇಳಿಸಿಕೊಂಡರೆ ಸಾಕೆನ್ನುವ ಪ್ರಶ್ನೆ ಬೇರೆ. ಈ ಎರಡನೆಯ ಜಾತಿಯ ಪ್ರಶ್ನೆ ದೂರದರ್ಶನಕ್ಕೆ ಎಷ್ಟು ಒಗ್ಗುತ್ತದೆಂಬುದು ಅಂದೇ ಗೊತ್ತಾಯಿತು.

ಎಂಟು ವರ್ಷಗಳ ಅನಂತರದ ರಾತ್ರಿಗೆ ಹೋಗುವ ಮುನ್ನ ಅಟ್ಲಾಂಟಿಕ್ ಸಾಗರವನ್ನು ದಾಟಿ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋಗಿ ಬರಬೇಕು. ಅಲ್ಲಿಯ ವಿದ್ಯಾರ್ಥಿಗಳ ವಾದಸಭೆಯಲ್ಲಿ 1965ರ ಫೆಬ್ರವರಿ 18ರಂದು ಒಂದು ನಿರ್ಣಯ ಚರ್ಚೆಗೆ ಬಂದಿತು. ಅಮೆರಿಕದ ಕನಸು ನೀಗ್ರೋ ಜನರ ಬಲಿಯ ಮೇಲೆ ನಿಂತಿದೆ ಎಂಬುದು, ಆ ಕಾಲದ ಬಳಕೆಯ ಪದದಲ್ಲಿ, ಅದರ ಅಭಿಪ್ರಾಯ. ಪರವಾಗಿ ಮಾತನಾಡಿದವರು ಕಪ್ಪು ಜನಾಂಗದ ಲೇಖಕ ಜೇಮ್ಸ್ ಬಾಲ್ಡ್ವಿನ್. ವಿರೋಧವಾಗಿ ಮಾತನಾಡಿದವರು ಇದೇ ವಿಲಿಯಂ ಬಕ್ಲಿ. 1955ರಲ್ಲಿ 'ನ್ಯಾಷನಲ್ ರಿವ್ಯೂ' ಪತ್ರಿಕೆಯನ್ನು ಸ್ಥಾಪಿಸಿ ಅಮೆರಿಕದ ಸಂಪ್ರದಾಯವಾದಿಗಳಿಗೆ ವೇದಿಕೆ ಕಟ್ಟಿಕೊಟ್ಟವರು ಅವರು. ಬಿ.ಬಿ.ಸಿ. ಆ ಸಭೆಯನ್ನು ಚಿತ್ರೀಕರಿಸಿಕೊಂಡಿತು.

ಆ ಸಭೆಯ ಪದ್ಧತಿ ನೋಡತಕ್ಕದ್ದು. ನಿರ್ಣಯದ ಪಾಠ ಮೊದಲೇ ಗೊತ್ತು. ಇಬ್ಬರು ವಿದ್ಯಾರ್ಥಿಗಳು ಮೊದಲು ಎರಡು ಪಕ್ಷಗಳನ್ನೂ ಮಂಡಿಸುತ್ತಾರೆ, ಬಳಿಕ ಅತಿಥಿಗಳು. ಸಭಿಕರಲ್ಲಿ ಯಾರಾದರೂ ಎದ್ದುನಿಂತರೆ ಭಾಷಣಕಾರ ಇಷ್ಟಪಟ್ಟು ಎಡೆಗೊಟ್ಟಾಗ ಮಾತ್ರ ಕೇಳಬಹುದು. ಅಧ್ಯಕ್ಷಪೀಠದಲ್ಲಿದ್ದ ವಿದ್ಯಾರ್ಥಿಯ ಕೆಲಸ ಸಭೆಯ ಶಿಸ್ತನ್ನು ಕಾಯುವುದು. ಆತ ಪ್ರಶ್ನೆ ಹಾಕಲಿಲ್ಲ. ಬಾಲ್ಡ್ವಿನ್ ಅವರು ಕೂಗಾಡಲಿಲ್ಲ. ಆ ದೇಶದ ಬಂದರುಗಳನ್ನೂ ರೈಲುದಾರಿಗಳನ್ನೂ ಕಟ್ಟಿದ್ದರಲ್ಲಿ, ಹತ್ತಿಯನ್ನು ಬಿಡಿಸಿ ಪೇಟೆಗೆ ಹೊತ್ತದ್ದರಲ್ಲಿ, ಕೂಲಿಯಿಲ್ಲದೆ ದುಡಿದ ತಮ್ಮ ಪೂರ್ವಜರ ಲೆಕ್ಕವನ್ನು ಸಭೆಯ ಮುಂದಿಟ್ಟರು. ತಾನು ನಿಷ್ಠೆಯನ್ನು ಒಪ್ಪಿಸಿದ ದೇಶದಲ್ಲಿ ತನಗೆ ಸ್ಥಳವೇ ಇಲ್ಲವೆಂಬುದು ಐದಾರು ವರ್ಷದ ಕೂಸಿಗೆ ತಿಳಿಯುವ ಕ್ಷಣವನ್ನು ವರ್ಣಿಸಿದರು. ಜಮಾ ಖರ್ಚು ಬರೆದು ಬಾಳಿದವನಿಗೆ ಈ ವಾದದ ತೂಕ ಬೇಗ ತಿಳಿಯುತ್ತದೆ. ತಲೆಮಾರುಗಳ ಕೂಲಿ ಬಾಕಿಯಿರುವಾಗ ಲಾಭವೆಂದು ತೋರಿಸಿದ್ದೆಲ್ಲ ಲಾಭವಲ್ಲ. ಬಕ್ಲಿಯವರು ತಮ್ಮ ಸರದಿಯಲ್ಲಿ ಜಾಣತನದಿಂದಲೇ ಮಾತನಾಡಿದರು. ಮಿಸಿಸಿಪಿಯಲ್ಲಿ ಕಪ್ಪು ಜನರಿಗೆ ಮತವಿಲ್ಲವೆಂದು ವಿದ್ಯಾರ್ಥಿಯೊಬ್ಬ ನಡುವೆ ನೆನಪಿಸಿದಾಗ, ಅಲ್ಲಿಯ ತೊಂದರೆ ಅದಲ್ಲ, ಬಿಳಿಯರಲ್ಲಿ ಹೆಚ್ಚು ಮಂದಿ ಮತ ಹಾಕುತ್ತಿರುವುದೇ ತೊಂದರೆ ಎಂದು ಚಮತ್ಕಾರ ಮಾಡಿದರು. ಸಭೆ ಅವರ ಚಮತ್ಕಾರವನ್ನು ಕೇಳಿತು, ಮತವನ್ನು ಕೊಡಲಿಲ್ಲ. ಪರವಾಗಿ 544, ವಿರೋಧವಾಗಿ 164.

ಮತದ ಎಣಿಕೆ ಸತ್ಯದ ಪ್ರಮಾಣವಲ್ಲ, ನಿಜ. ಆದರೆ ಅಂದಿನ ಪ್ರಶ್ನೆಗೆ ಹೊರಗೆ ಬೀದಿಯಲ್ಲಿ ರಕ್ತದ ಉತ್ತರ ಬರುತ್ತಿತ್ತೆಂಬುದನ್ನು ಮರೆಯಬಾರದು. ಮೂರು ದಿನಗಳ ಅನಂತರ ನ್ಯೂಯಾರ್ಕಿನಲ್ಲಿ ಮಾಲ್ಕಂ ಎಕ್ಸ್ ಅವರ ಕೊಲೆಯಾಯಿತು. ಎರಡೂ ಭಾಷಣಗಳು ನ್ಯೂಯಾರ್ಕ್ ಟೈಮ್ಸ್‌ನ ವಾರಪತ್ರಿಕೆಯಲ್ಲಿ ಅಚ್ಚಾಗಿ ಬಂದ ಮಾರ್ಚ್ 7ರಂದೇ ಆಲಬಾಮದ ಸೆಲ್ಮಾ ಊರಿನ ಸೇತುವೆಯ ಬಳಿ ಮತದ ಹಕ್ಕು ಕೇಳಿ ನಡೆದುಬಂದ ನಿರಾಯುಧ ಜನರನ್ನು ಪೊಲೀಸರು ಬಡಿದರು. ಎ.ಬಿ.ಸಿ. ಸಂಸ್ಥೆ ಅಂದು ರಾತ್ರಿ ತೋರಿಸುತ್ತಿದ್ದ ಚಲನಚಿತ್ರವನ್ನು ನಿಲ್ಲಿಸಿ ಆ ದೃಶ್ಯವನ್ನು ಪ್ರಸಾರ ಮಾಡಿತು. ಆಗಸ್ಟ್ 6ರಂದು ಮತದಾನದ ಹಕ್ಕಿನ ಕಾಯಿದೆಗೆ ಅಂಕಿತ ಬಿದ್ದಿತು. ಇಷ್ಟು ಉರಿಯುತ್ತಿದ್ದ ವಿಷಯವನ್ನು ಕೇಂಬ್ರಿಜ್ಜಿನ ಆ ಸಭೆ ಒಂದೂ ಬೈಗುಳವಿಲ್ಲದೆ ವಿಚಾರಿಸಿತು. ಬಕ್ಲಿಯವರು ಬಹು ವರ್ಷಗಳ ಅನಂತರ, 2004ರಲ್ಲಿ, ಕಪ್ಪು ಜನರ ಹಕ್ಕುಗಳ ವಿಷಯದಲ್ಲಿ ತಮ್ಮ ಅಂದಿನ ನಿಲುವು ತಪ್ಪಾಗಿತ್ತೆಂದು ಒಪ್ಪಿಕೊಂಡರು. ಒಂದು ಸಭೆಯ ಫಲ ಕೆಲವೊಮ್ಮೆ ನಾಲ್ವತ್ತು ವರ್ಷಕ್ಕೆ ಹಣ್ಣಾಗುತ್ತದೆ.

ಇನ್ನು 1968. ಅಮೆರಿಕದ ಮೂರು ದೊಡ್ಡ ಪ್ರಸಾರ ಸಂಸ್ಥೆಗಳಲ್ಲಿ ಎ.ಬಿ.ಸಿ. ಮೂರನೆಯದು. ಪಕ್ಷಗಳ ಮಹಾಧಿವೇಶನಗಳನ್ನು ಉಳಿದೆರಡು ಸಂಸ್ಥೆಗಳು ಆದಿಯಿಂದ ಅಂತ್ಯದವರೆಗೆ ತೋರಿಸುತ್ತಿದ್ದವು. ಅಷ್ಟು ವೆಚ್ಚ ಭರಿಸಲಾರದ ಎ.ಬಿ.ಸಿ. ರಾತ್ರಿ ಒಂದೂವರೆ ಗಂಟೆಯ ಸಾರಾಂಶಕ್ಕೆ ಇಳಿಯಿತು. ಕೊರತೆಯನ್ನು ತುಂಬಲು ಬಲಪಂಥದ ಬಕ್ಲಿ ಮತ್ತು ಎಡಪಂಥದ ವಿಡಾಲ್ ಅವರನ್ನು ಸಂಭಾವನೆ ಕೊಟ್ಟು ಎದುರುಬದುರು ಕೂರಿಸಿತು. ವಿಡಾಲ್ ಕಾದಂಬರಿಕಾರರು, 1960ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಸಂಸತ್ತಿಗೆ ಸ್ಪರ್ಧಿಸಿ ಸೋತವರು. ಇಬ್ಬರೂ 1925ರಲ್ಲಿ ಹುಟ್ಟಿದವರು, ಇಬ್ಬರೂ ಅನುಕೂಲಸ್ಥ ಮನೆಗಳವರು. ಯಾರೊಂದಿಗೆ ಕುಳಿತುಕೊಳ್ಳಲು ತಮಗೆ ಇಷ್ಟವಿಲ್ಲವೆಂದು ಸಂಸ್ಥೆ ಮುಂಚೆಯೇ ಕೇಳಿತ್ತೆಂದೂ ತಾವು ವಿಡಾಲ್ ಹೆಸರನ್ನೇ ಹೇಳಿದ್ದೆವೆಂದೂ ಬಕ್ಲಿಯವರೇ ಮುಂದೆ ಬರೆದಿದ್ದಾರೆ. ಹಾಗೆ ಹೇಳಿದ ಮೇಲೂ ಅವರನ್ನೇ ಕರೆತಂದರೆಂದರೆ, ಕೊಳ್ಳಲು ಹೊರಟ ಸರಕು ಯಾವುದೆಂಬುದರಲ್ಲಿ ಸಂಶಯ ಉಳಿಯುವುದಿಲ್ಲ.

ಆಗಸ್ಟ್ ತಿಂಗಳಿನಲ್ಲಿ ಮಯಾಮಿ ಬೀಚ್ ಮತ್ತು ಶಿಕಾಗೊಗಳಲ್ಲಿ ಒಟ್ಟು ಹತ್ತು ಚರ್ಚೆಗಳಾದವು. 28ರಂದು ಶಿಕಾಗೊದ ಬೀದಿಗಳಲ್ಲಿ ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಸೇರಿದ್ದ ಯುವಕರನ್ನು ಪೊಲೀಸರು ಲಾಠಿಗಳಿಂದ ಥಳಿಸಿದರು. ಉದ್ಯಾನದಲ್ಲಿ ಕೆಲವರು ವಿಯೆಟ್ ಕಾಂಗ್ ಧ್ವಜವನ್ನು ಏರಿಸಲು ಹೋದದ್ದನ್ನು ಚಿತ್ರದಲ್ಲಿ ತೋರಿಸಿದ ಮೇಲೆ ಸ್ಮಿತ್ ಅವರು ವಿಡಾಲ್ ಅವರನ್ನು ಕೇಳಿದರು. ಇದು ಕೆರಳಿಸುವ ಕೃತ್ಯವಲ್ಲವೆ, ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಟ್ಸಿ ಧ್ವಜವನ್ನು ಏರಿಸಿದ್ದರೆ ಇಂಥದೇ ಪರಿಣಾಮ ಆಗುತ್ತಿರಲಿಲ್ಲವೆ, ಎಂಬುದು ಪ್ರಶ್ನೆಯ ತಾತ್ಪರ್ಯ. ಕೆಲವೇ ನಿಮಿಷಗಳಲ್ಲಿ ವಿಡಾಲ್ ಅವರು ಬಕ್ಲಿಯವರನ್ನು ಮರೆಯಲ್ಲಿರುವ ನಾಟ್ಸಿ ಎಂದು ಕರೆದರು. ಬಕ್ಲಿಯವರು ಸಲಿಂಗಪ್ರೇಮಿಗಳನ್ನು ಹಳಿಯುವ ಹೀನ ಪದವೊಂದನ್ನು ಎಸೆದು, ಮುಖಕ್ಕೆ ಗುದ್ದುವುದಾಗಿ ಬೆದರಿಸಿದರು. ಸ್ಮಿತ್ ಅವರು 'ಮಹನೀಯರೇ' ಎಂದು ಸಮಾಧಾನ ಹೇಳುತ್ತಲೇ ಇದ್ದರು.

ಆ ಪದವನ್ನು ಆಡಿದ್ದು ವಿಡಾಲ್, ಸಂದೇಹವಿಲ್ಲ. ಆದರೆ ನಾಟ್ಸಿ ಎಂಬ ಪದ ಆ ಮೇಜಿನ ಮೇಲೆ ಮೊದಲು ಬಿದ್ದದ್ದು ಮಧ್ಯಸ್ಥನ ಪ್ರಶ್ನೆಯಿಂದ. ಇದನ್ನು ಗಮನಿಸಿದವರು ಕಡಿಮೆ. ಹಾಗೆಂದು ಸ್ಮಿತ್ ಅವರು ಹಗುರ ಮನುಷ್ಯರೆಂದು ತಿಳಿಯಬಾರದು. ಅವರು ಯುದ್ಧಕಾಲದ ಬರ್ಲಿನ್ನಿನಲ್ಲಿ ವರದಿಗಾರರಾಗಿದ್ದು, 1941ರ ಡಿಸೆಂಬರ್‌ನಲ್ಲಿ ಕೊನೆಯ ಘಳಿಗೆಯಲ್ಲಿ ಅಲ್ಲಿಂದ ಹೊರಬಿದ್ದವರು. ನಾಟ್ಸಿ ಧ್ವಜದ ಕೆಳಗೆ ಬದುಕುವುದೇನೆಂದು ಅವರು ಕಣ್ಣಾರೆ ಕಂಡಿದ್ದರು. 1961ರಲ್ಲಿ ಬರ್ಮಿಂಗ್‌ಹ್ಯಾಮ್ ಊರಿನಲ್ಲಿ ಜನಾಂಗಭೇದ ವಿರೋಧಿ ಪ್ರಯಾಣಿಕರನ್ನು ಗೂಂಡಾಗಳು ಬಡಿಯುವುದನ್ನು ನೋಡಿ, ಸತ್ಯ ಅಸತ್ಯಗಳ ನಡುವೆ ಪತ್ರಕರ್ತ ತಟಸ್ಥನಾಗಿರಲಾರನೆಂದು ವಾದಿಸಿ, ಅದೇ ವರ್ಷ ಸಿ.ಬಿ.ಎಸ್. ಸಂಸ್ಥೆಯನ್ನು ಬಿಡಬೇಕಾಗಿ ಬಂದವರು. ಇನ್ನೂ ಒಂದು ಸಂಗತಿ. ಅವರ ಮಗ 1965ರ ನವೆಂಬರ್‌ನಲ್ಲಿ ವಿಯೆಟ್ನಾಮಿನ ಇಯಾ ದ್ರಾಂಗ್ ಕಣಿವೆಯ ಘೋರ ಕಾಳಗದಲ್ಲಿ ಗಾಯಗೊಂಡು ಬದುಕಿ ಬಂದ ಸೈನಿಕ. ಶತ್ರುವಿನ ಧ್ವಜವನ್ನು ತನ್ನ ದೇಶದ ಉದ್ಯಾನದಲ್ಲಿ ಕಂಡ ತಂದೆ ಕೇಳಿದ ಪ್ರಶ್ನೆ ಅದು. ಮನುಷ್ಯನಾಗಿ ಅದು ಸಹಜ. ಮಧ್ಯಸ್ಥನಾಗಿ ಅಲ್ಲ. 1960ರಲ್ಲಿ ನಿಯಮ ಅವರ ಕೈ ಹಿಡಿದಿತ್ತು. ಪ್ರಶ್ನೆ ಕೇಳುವ ಕೆಲಸ ಬೇರೆ ನಾಲ್ವರದಾಗಿತ್ತು. 1968ರಲ್ಲಿ ತಕ್ಕಡಿಯನ್ನು ಹಿಡಿಯುವ ಕೆಲಸವೂ ಬಟ್ಟನ್ನು ಇಡುವ ಕೆಲಸವೂ ಅವರೊಬ್ಬರಿಗೇ ಬಂದಿತು.

ನನ್ನ ಅನುಭವವನ್ನೂ ಇಲ್ಲಿ ಹೇಳಿಬಿಡುತ್ತೇನೆ. ಹಳೆಯ ಮಂಡಿಯನ್ನು ಊರ ಹೊರಗೆ ಸಾಗಿಸಬೇಕೆ ಎಂಬ ಬಗ್ಗೆ ವರ್ತಕರ ಸಭೆಯೊಂದಕ್ಕೆ ಒಮ್ಮೆ ನಾನು ಅಧ್ಯಕ್ಷನಾಗಿದ್ದೆ. ಸಾಗಿಸಬೇಕೆಂದು ವಾದಿಸಿದ ಹಿರಿಯರೊಬ್ಬರನ್ನು, ತಮ್ಮ ಗೋದಾಮು ಬೈಪಾಸ್ ರಸ್ತೆಯಲ್ಲಿದೆಯಲ್ಲವೆ ಎಂದು ಕೇಳಿದೆ. ಸಭೆ ಗೊಳ್ಳೆಂದು ನಕ್ಕಿತು, ಅವರು ಕುಳಿತುಬಿಟ್ಟರು, ಮಂಡಿಯ ವಿಚಾರ ಅಲ್ಲಿಗೆ ಮುಗಿಯಿತು. ನನ್ನ ಅಂಗಡಿ ಹಳೆಯ ಪೇಟೆಯಲ್ಲಿದ್ದುದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಮ್ಮ ಪ್ರಾಚೀನ ತಾರ್ಕಿಕರು ಈ ಅಪಾಯವನ್ನು ಬಲ್ಲವರಾಗಿದ್ದರು. ನ್ಯಾಯಶಾಸ್ತ್ರದಲ್ಲಿ ತತ್ತ್ವನಿರ್ಣಯದ ವಾದ, ಗೆಲ್ಲುವುದಕ್ಕಾಗಿಯೇ ನಡೆಸುವ ಜಲ್ಪ, ಸ್ವಂತ ಪಕ್ಷವೇ ಇಲ್ಲದೆ ಖಂಡಿಸುವ ವಿತಂಡ ಎಂಬ ವಿಂಗಡಣೆ ಪ್ರಸಿದ್ಧ. ಜೈನ ತಾರ್ಕಿಕರು ಮತ್ತೊಂದು ಹೆಜ್ಜೆ ಮುಂದೆ ಹೋಗಿ, ವಾದಿ, ಪ್ರತಿವಾದಿ, ಸಭ್ಯರು, ಸಭಾಪತಿ ಎಂಬ ನಾಲ್ಕು ಅಂಗಗಳ ಲಕ್ಷಣವನ್ನೂ ವಿಚಾರಿಸಿದರು. 12ನೇ ಶತಮಾನದ ವಾದಿದೇವಸೂರಿಗಳು ಸಭಾಪತಿಗೆ ಪ್ರಜ್ಞೆ, ಅಧಿಕಾರಗಳ ಜೊತೆಗೆ ಕ್ಷಮೆಯೂ ಮಾಧ್ಯಸ್ಥ್ಯವೂ ಇರಬೇಕೆನ್ನುತ್ತಾರೆ. ಅಧಿಕಾರವಿರುವವನಿಗೆ ಕ್ಷಮೆಯನ್ನು ವಿಧಿಸಿರುವುದು ಗಮನಾರ್ಹ.

ಶಿಕಾಗೊದ ಆ ಜಗಳ ಅಲ್ಲಿಗೆ ನಿಲ್ಲಲಿಲ್ಲ. 1969ರಲ್ಲಿ 'ಎಸ್ಕ್ವೈರ್' ಪತ್ರಿಕೆಯಲ್ಲಿ ಮೊದಲು ಬಕ್ಲಿಯವರೂ ಮರುತಿಂಗಳು ವಿಡಾಲ್ ಅವರೂ ದೀರ್ಘ ಲೇಖನಗಳನ್ನು ಬರೆದರು. ಬಕ್ಲಿಯವರ ಲೇಖನದ ಕೊನೆಯಲ್ಲಿ ಕ್ಷಮಾಯಾಚನೆ ಇತ್ತು. ವಿಡಾಲ್ ಅವರ ಉತ್ತರದಲ್ಲಿ ಹೊಸ ಆರೋಪಗಳಿದ್ದವು. ಮಾನನಷ್ಟದ ಮೊಕದ್ದಮೆ, ಪ್ರತಿಮೊಕದ್ದಮೆಗಳಾಗಿ 1972ರಲ್ಲಿ ವ್ಯಾಜ್ಯ ಮುಗಿದಾಗ ಪತ್ರಿಕೆಯು ಬಕ್ಲಿಯವರ ವಕೀಲಿ ವೆಚ್ಚಕ್ಕೆ 1,15,000 ಡಾಲರ್ ತೆರಬೇಕಾಯಿತು. ಇಬ್ಬರನ್ನು ಎದುರುಬದುರು ಕೂರಿಸಿದ ಪ್ರಸಾರ ಸಂಸ್ಥೆಯ ಖಾತೆಗೆ ಈ ವೆಚ್ಚದಲ್ಲಿ ಒಂದು ಕಾಸೂ ಬೀಳಲಿಲ್ಲ.

ಇದೇ ಬಕ್ಲಿಯವರು ಬೇರೆ ಪದ್ಧತಿಯಲ್ಲಿ ಬೇರೆಯೇ ಆಗಿ ಕಾಣುತ್ತಾರೆ. 1966ರಿಂದ 1999ರವರೆಗೆ ಅವರು ನಡೆಸಿದ 'ಫೈರಿಂಗ್ ಲೈನ್' ಕಾರ್ಯಕ್ರಮದ 1500ಕ್ಕೂ ಮೀರಿದ ಸಂಚಿಕೆಗಳಲ್ಲಿ ತಮ್ಮ ಕಡುವಿರೋಧಿಗಳನ್ನು ಕರೆದು, ಅವರು ವಾಕ್ಯ ಮುಗಿಸುವವರೆಗೂ ಕಾದು ಕೇಳಿದ್ದು ಉಂಟು. 1978ರ ಜನವರಿ 13ರಂದು ಪನಾಮಾ ಕಾಲುವೆಯನ್ನು ಆ ದೇಶಕ್ಕೆ ಬಿಟ್ಟುಕೊಡುವ ಒಪ್ಪಂದದ ಮೇಲೆ ಅವರು ವಾದಿಸಿದ್ದು ತಮ್ಮ ಆಪ್ತಮಿತ್ರರಾದ ರೊನಾಲ್ಡ್ ರೇಗನ್ ಅವರ ವಿರುದ್ಧ. ಒಪ್ಪಂದ ಬೇಕೆಂದು ಬಕ್ಲಿ, ಕೂಡದೆಂದು ರೇಗನ್. ಹಿರಿಯ ಸೆನೆಟರ್ ಸ್ಯಾಮ್ ಅರ್ವಿನ್ ಅಧ್ಯಕ್ಷತೆ ವಹಿಸಿದ್ದರು. ದೇಶವನ್ನೇ ಎರಡಾಗಿಸಿದ್ದ ವಿಷಯವದು. ಸೆನೆಟ್ ಆ ವರ್ಷದ ವಸಂತದಲ್ಲಿ 68ಕ್ಕೆ 32 ಮತಗಳಿಂದ, ಬೇಕಾದ ಮೂರನೆಯ ಎರಡು ಭಾಗಕ್ಕಿಂತ ಒಂದೇ ಮತ ಹೆಚ್ಚು ಬಂದು, ಅದನ್ನು ಒಪ್ಪಿತು. ವಾದ ಮುಗಿದ ಮೇಲೂ ಮಿತ್ರರು ಮಿತ್ರರಾಗಿಯೇ ಉಳಿದರು.

ಇಂಥ ಪದ್ಧತಿಯನ್ನು ನಿಯಮಬದ್ಧವಾಗಿ ಪ್ರಯೋಗಿಸಿದ್ದು 'ದಿ ಅಡ್ವೊಕೇಟ್ಸ್' ಎಂಬ ಕಾರ್ಯಕ್ರಮ. ಹಾರ್ವರ್ಡ್‌ನ ಕಾನೂನು ಪ್ರಾಧ್ಯಾಪಕ ರೋಜರ್ ಫಿಷರ್ ಅವರ ಕಲ್ಪನೆಯಂತೆ 1969ರಲ್ಲಿ ಬಾಸ್ಟನ್ ಮತ್ತು ಲಾಸ್ ಏಂಜಲೀಸ್‌ನ ಸಾರ್ವಜನಿಕ ದೂರದರ್ಶನ ಕೇಂದ್ರಗಳು ಇದನ್ನು ಆರಂಭಿಸಿದವು. ಇಂಥ ಕ್ರಮವನ್ನು ಕೈಗೊಳ್ಳಬೇಕೆ, ಬೇಡವೆ ಎಂಬ ಒಂದೇ ನಿರ್ದಿಷ್ಟ ಪ್ರಶ್ನೆ. ಎರಡೂ ಪಕ್ಷಗಳಿಗೆ ಒಬ್ಬೊಬ್ಬ ವಕೀಲ, ಸಾಕ್ಷಿಗಳು, ಪಾಟೀಸವಾಲು. ಕೊನೆಯಲ್ಲಿ ಪ್ರೇಕ್ಷಕರು ಅಂಚೆಯ ಮೂಲಕ ತಮ್ಮ ಮತವನ್ನು ಕಳುಹಿಸುತ್ತಿದ್ದರು. ಕಾಗದ ಬರೆದು ಅಂಚೆಗೆ ಹಾಕುವಷ್ಟು ಹೊತ್ತಿನಲ್ಲಿ ಸಿಟ್ಟಿನ ಅರ್ಧ ಇಳಿದಿರುತ್ತದೆ. ಅದರ ಮಧ್ಯಸ್ಥರಲ್ಲಿ ಒಬ್ಬರು ಮೈಕೆಲ್ ಡುಕಾಕಿಸ್ ಎಂಬ ಯುವ ರಾಜಕಾರಣಿ. ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು.

ಆ ಕಾಲಕ್ಕೆ ಕಾನೂನಿನ ಬೆಂಬಲವೂ ಇತ್ತು. ಸಾರ್ವಜನಿಕ ಮಹತ್ವದ ವಿವಾದಗಳನ್ನು ಪ್ರಸಾರ ಮಾಡತಕ್ಕದ್ದು, ಮಾಡಿದಾಗ ವಿರುದ್ಧ ಪಕ್ಷಕ್ಕೂ ಎಡೆಗೊಡತಕ್ಕದ್ದು ಎಂಬ ನ್ಯಾಯಸಮ್ಮತತೆಯ ನಿಯಮ 1949ರಿಂದ ಜಾರಿಯಲ್ಲಿತ್ತು; 1969ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. 1987ರಲ್ಲಿ ಸಂಪರ್ಕ ಆಯೋಗ ಅದನ್ನು ಕೈಬಿಟ್ಟಿತು. ಆ ನಿಯಮ ಕೇಂದ್ರಗಳನ್ನು ಹೆದರಿಸಿ ಮೌನವಾಗಿಸುತ್ತಿತ್ತೆಂಬ ಟೀಕೆಯಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ಅದು ಹೋದ ಮೇಲೆ ಬೆಳೆದದ್ದು ಒಮ್ಮುಖದ ಮಾತೇ ವಿನಾ ಹೆಚ್ಚಿನ ವಿಚಾರವಲ್ಲವೆಂದು ನನ್ನ ಅಭಿಪ್ರಾಯ.

ಅಧ್ಯಕ್ಷ ಪದವಿಯ ಚರ್ಚೆಗಳು 1960ರ ಬಳಿಕ ಹದಿನಾರು ವರ್ಷ ನಡೆಯಲೇ ಇಲ್ಲ. ಹೊರಗಿನ ಸಂಸ್ಥೆಯೊಂದು ಸಭೆಯನ್ನು ಏರ್ಪಡಿಸಿ ದೂರದರ್ಶನದವರು ಅದನ್ನು ಕೇವಲ ಸುದ್ದಿಯಾಗಿ ಪ್ರಸಾರ ಮಾಡಿದರೆ 315ನೇ ಪರಿಚ್ಛೇದ ಅಡ್ಡಬಾರದೆಂದು 1975ರಲ್ಲಿ ಸಂಪರ್ಕ ಆಯೋಗ ತೀರ್ಪಿತ್ತಿತು. ಮಹಿಳಾ ಮತದಾರರ ಲೀಗ್ ಎಂಬ ಸಂಸ್ಥೆ ಆ ಹೊಣೆಯನ್ನು ಹೊತ್ತಿತು. 1976ರ ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದ ವಾಲ್ನಟ್ ಸ್ಟ್ರೀಟ್ ನಾಟಕಶಾಲೆಯಲ್ಲಿ ಜೆರಾಲ್ಡ್ ಫೋರ್ಡ್ ಮತ್ತು ಜಿಮ್ಮಿ ಕಾರ್ಟರ್ ಎದುರಾದರು. ಚರ್ಚೆ ಮುಗಿಯಲು ಸ್ವಲ್ಪವೇ ಹೊತ್ತಿರುವಾಗ ಯಂತ್ರದ ಬಿಡಿಭಾಗವೊಂದು ಕೆಟ್ಟು ಪ್ರಸಾರದ ಧ್ವನಿ ನಿಂತುಹೋಯಿತು. 27 ನಿಮಿಷ. ಅಷ್ಟು ಹೊತ್ತೂ ಆ ಇಬ್ಬರು ತಮ್ಮ ತಮ್ಮ ಪೀಠಗಳ ಹಿಂದೆ ನಿಂತೇ ಇದ್ದರು, ಒಬ್ಬರೊಂದಿಗೊಬ್ಬರು ಮಾತನಾಡಲಿಲ್ಲ. ಕುಳಿತರೆ ದುರ್ಬಲರೆಂದು ಜನ ಭಾವಿಸಿಯಾರೆಂಬ ಅಳುಕಿತ್ತೆಂದು ಫೋರ್ಡ್ ಅವರೇ ಮುಂದೆ ಹೇಳಿದರು. ಕಾನೂನಿನ ಕಣ್ಣಿನಲ್ಲಿ ಅದು ಲೀಗಿನ ಸಭೆ, ದೂರದರ್ಶನ ಬರಿಯ ವರದಿಗಾರ. ಹಾಗಿದ್ದರೆ ಸಭಿಕರೆದುರು ಮಾತು ಮುಂದುವರಿಯಬಹುದಾಗಿತ್ತು. ಮುಂದುವರಿಯಲಿಲ್ಲ. ಸಭೆ ನಿಜವಾಗಿ ಯಾರದೆಂಬುದು ಆ 27 ನಿಮಿಷಗಳಲ್ಲಿ ಬಯಲಾಯಿತು.

1988ರ ಅಕ್ಟೋಬರ್ 3ರಂದು ಲೀಗ್ ಈ ಕೆಲಸದಿಂದ ಹಿಂದೆ ಸರಿಯಿತು. ಎರಡೂ ಪಕ್ಷಗಳ ಪ್ರಚಾರದವರು ತಮ್ಮತಮ್ಮಲ್ಲಿ 16 ಪುಟಗಳ ಒಪ್ಪಂದ ಮಾಡಿಕೊಂಡು, ಪ್ರಶ್ನಿಸುವವರು ಯಾರು, ಸಭಿಕರು ಹೇಗೆ ಎಂಬುದನ್ನೆಲ್ಲ ತಾವೇ ಗೊತ್ತುಮಾಡಿ ಸಹಿಗೆ ತಂದಿಟ್ಟಾಗ, ಮತದಾರರಿಗೆ ಮೋಸವಾಗುವ ಕಾರ್ಯದಲ್ಲಿ ಭಾಗಿಗಳಾಗಲಾರೆವೆಂದು ಆ ಮಹಿಳೆಯರು ಹೇಳಿದರು. ಚರ್ಚೆಗಳು ಅದಕ್ಕೆ ಹಿಂದಿನ ವರ್ಷ ಎರಡು ಪಕ್ಷಗಳೂ ಕೂಡಿ ಸ್ಥಾಪಿಸಿದ್ದ ಆಯೋಗದ ಕೈಗೆ ಹೋದವು.

ಹತ್ತು ದಿನಗಳ ಅನಂತರ, ಅಕ್ಟೋಬರ್ 13ರಂದು, ಲಾಸ್ ಏಂಜಲೀಸ್‌ನಲ್ಲಿ ಅಭ್ಯರ್ಥಿಯಾಗಿ ನಿಂತಿದ್ದವರು ಅದೇ ಮೈಕೆಲ್ ಡುಕಾಕಿಸ್. ಮಧ್ಯಸ್ಥರು ಸಿ.ಎನ್.ಎನ್.ನ ಬರ್ನಾರ್ಡ್ ಶಾ. ಮೊತ್ತಮೊದಲ ಪ್ರಶ್ನೆಯಲ್ಲೇ ಅವರು ಡುಕಾಕಿಸ್ ಅವರ ಪತ್ನಿಯ ಹೆಸರನ್ನು ಹಿಡಿದು, ಆಕೆಯ ಮೇಲೆ ಅತ್ಯಾಚಾರ ಮಾಡಿ ಕೊಂದವನಿದ್ದರೆ ಅವನಿಗೆ ಮರಣದಂಡನೆಯನ್ನು ಬಯಸುವಿರಾ ಎಂದು ಕೇಳಿದರು. ಹೆಸರನ್ನು ಬಿಡಿರೆಂದು ಜೊತೆಗಿದ್ದ ಮೂವರು ಪತ್ರಕರ್ತೆಯರು ಮುಂಚೆಯೇ ಕೋರಿಕೊಂಡಿದ್ದರು. ಡುಕಾಕಿಸ್ ಅವರು ಕದಲದೆ, ಜೀವನಪರ್ಯಂತ ತಾವು ಮರಣದಂಡನೆಯನ್ನು ವಿರೋಧಿಸಿದವರು, ಅದರಿಂದ ಅಪರಾಧ ತಗ್ಗುತ್ತದೆನ್ನಲು ಆಧಾರವಿಲ್ಲ ಎಂದು ಉತ್ತರಿಸಿದರು. ತತ್ತ್ವದ ಪ್ರಶ್ನೆಗೆ ತತ್ತ್ವದ ಉತ್ತರ. ಆದರೆ ದೇಶ ಕೇಳಿದ್ದು ಉತ್ತರವನ್ನಲ್ಲ. ಹೆಂಡತಿಯ ವಿಷಯದಲ್ಲೂ ಬಿಸಿಯೇರದ ಮನುಷ್ಯನೆಂದು ಅವರನ್ನು ಎಣಿಸಿತು. ನವೆಂಬರ್‌ನಲ್ಲಿ ಅವರು 40 ರಾಜ್ಯಗಳಲ್ಲಿ ಸೋತರು. ಸೋಲಿಗೆ ಬೇರೆ ಕಾರಣಗಳೂ ಬೇಕಾದಷ್ಟಿದ್ದವು. ಶಾ ಅವರು ಕಠಿಣ ಪ್ರಶ್ನೆ ಕೇಳುವುದು ತಮ್ಮ ಧರ್ಮವೆಂದು 2022ರಲ್ಲಿ ತೀರಿಕೊಳ್ಳುವವರೆಗೂ ಸಮರ್ಥಿಸಿಕೊಂಡವರು. ಮರಣದಂಡನೆಯ ಬಗ್ಗೆ ಕೇಳುವುದು ಧರ್ಮವೇ. ಸಭೆಯಲ್ಲಿ ಕುಳಿತ ಹೆಣ್ಣುಮಗಳೊಬ್ಬಳನ್ನು ಮಾತಿನಲ್ಲಿ ಕೊಂದು ಕೇಳುವುದನ್ನು ನಾನು ಒಪ್ಪಲಾರೆ. ವಾದದ ನಿಯಮಗಳನ್ನು ಅಷ್ಟು ವರ್ಷ ಕಾಯ್ದ ಮಧ್ಯಸ್ಥನೇ ಇಂಥ ಪ್ರಶ್ನೆಗೆ ಗುರಿಯಾದದ್ದು ಈ ಚರಿತ್ರೆಯ ವಿಚಿತ್ರ.

ಅನಂತರದ ಕಥೆ ಬೇಗ ಹೇಳಬಹುದು. ಸಿ.ಎನ್.ಎನ್. 1982ರಲ್ಲಿ ಆರಂಭಿಸಿದ 'ಕ್ರಾಸ್‌ಫೈರ್' ಕಾರ್ಯಕ್ರಮದಲ್ಲಿ ಮಧ್ಯಸ್ಥನ ಕುರ್ಚಿಯನ್ನೇ ತೆಗೆದು, ಎಡಕ್ಕೊಬ್ಬ ಬಲಕ್ಕೊಬ್ಬ ನಿರ್ವಾಹಕರನ್ನು ಕೂರಿಸಿದರು. 2004ರ ಅಕ್ಟೋಬರ್‌ನಲ್ಲಿ ಹಾಸ್ಯಗಾರ ಜಾನ್ ಸ್ಟೂವರ್ಟ್ ಅತಿಥಿಯಾಗಿ ಬಂದು, ನೀವು ನಡೆಸುತ್ತಿರುವುದು ಚರ್ಚೆಯಲ್ಲ, ನಾಟಕ, ದೇಶಕ್ಕೆ ಇದರಿಂದ ಕೇಡು ಎಂದು ಮುಖಕ್ಕೇ ಹೇಳಿ ಹೋದರು. ಮರುವರ್ಷ ಜನವರಿಯಲ್ಲಿ ಸಂಸ್ಥೆ ಅದನ್ನು ನಿಲ್ಲಿಸುವುದಾಗಿ ಪ್ರಕಟಿಸಿತು.

2024ರಲ್ಲಿ ಅಭ್ಯರ್ಥಿಗಳು ಆಯೋಗವನ್ನೂ ಬದಿಗಿಟ್ಟು ನೇರವಾಗಿ ಪ್ರಸಾರ ಸಂಸ್ಥೆಗಳೊಂದಿಗೆ ಕರಾರು ಮಾಡಿಕೊಂಡರು. ಜೂನ್ 27ರಂದು ಅಟ್ಲಾಂಟದಲ್ಲಿ ಬೈಡನ್ ಮತ್ತು ಟ್ರಂಪ್, ಸೆಪ್ಟೆಂಬರ್ 10ರಂದು ಫಿಲಡೆಲ್ಫಿಯಾದಲ್ಲಿ ಹ್ಯಾರಿಸ್ ಮತ್ತು ಟ್ರಂಪ್. ಎರಡು ಕಡೆಯೂ ಸಭಿಕರಿರಲಿಲ್ಲ. ಒಬ್ಬರು ಮಾತನಾಡುವಾಗ ಮತ್ತೊಬ್ಬರ ಮೈಕನ್ನು ಮುಚ್ಚಿಡುವುದೆಂದು ಮೊದಲೇ ಬರಹದಲ್ಲಿ ಒಪ್ಪಿದ್ದರು. ಎರಡನೆಯದನ್ನು ಏರ್ಪಡಿಸಿದ್ದ ಸಂಸ್ಥೆ ಎ.ಬಿ.ಸಿ.; ಊರು, 1976ರಲ್ಲಿ ಫೋರ್ಡ್ ಮತ್ತು ಕಾರ್ಟರ್ ಸುಮ್ಮನೆ ನಿಂತಿದ್ದ ಊರು. ಅಂದು ಯಂತ್ರ ಕೆಟ್ಟು ಬಂದ ಮೌನವನ್ನು ಈ ಬಾರಿ ಕರಾರಿನ ಕಲಮಾಗಿ ಬರೆದುಕೊಂಡಿದ್ದರು. ಇಬ್ಬರು ನಿರ್ವಾಹಕರ ಮೈಕುಗಳು ಮಾತ್ರ ಎಲ್ಲ ಹೊತ್ತೂ ತೆರೆದಿದ್ದವು. ಅಂದು ರಾತ್ರಿಯಿಂದಲೇ ಎದ್ದ ದೂರುಗಳಲ್ಲಿ ಬಹುಪಾಲು ಅಭ್ಯರ್ಥಿಗಳ ಮಾತನ್ನು ಕುರಿತದ್ದಲ್ಲ. ಆ ಇಬ್ಬರು ಯಾರ ಯಾವ ಮಾತನ್ನು ತಿದ್ದಿದರು, ಯಾವುದನ್ನು ತಿದ್ದದೆ ಬಿಟ್ಟರು ಎಂಬುದನ್ನು ಕುರಿತದ್ದು.